ದಂಡೆಗೆ ಬಾರದ ದೋಣಿಗಳು

ಈ ಸಲ ಮಳೆ ಹಿಡಿದ ಮೇಲೆ, ಹೊಸದಾಗಿ ಸೇರಿದ ಹುಡುಗಿಯರ ಸಮವಸ್ತ್ರದ ಅಳತೆ ತೆಗೆದುಕೊಳ್ಳಲು ಹಾನಗಲ್ಲಿನ ವಸತಿ ಶಾಲೆಗೆ ಹೋಗಿದ್ದೆ. ಕಂಪೌಂಡಿನ ಗೋಡೆಯ ಮೇಲೆ ಲೈಫ್ ಜಾಕೆಟ್‌ಗಳನ್ನು ಒಣಹಾಕಿದ್ದರು. ಕೆರೆಯ ರಾಡಿ, ಪಾಚಿ, ಬೆವರು, ಒಣಗದ ಹಗ್ಗ ಎಲ್ಲ ಕೂಡಿದ ವಾಸನೆ ಗಾಳಿಗೆ ಬಂದು ಮೂಗಿಗೆ ಬಡಿಯಿತು. ಟೇಪು ಹಿಡಿದ ನನ್ನ ಕೈ ಹಾಗೇ ನಿಂತಿತು.

ನನ್ನ ಮುಂದೆ ಬಂಕಾಪುರದ ಒಬ್ಬ ತಾಯಿ ಮಗಳನ್ನು ನಿಲ್ಲಿಸಿಕೊಂಡಿದ್ದಳು. ಮಗಳನ್ನು ದೋಣಿ ತಂಡಕ್ಕೆ ಆರಿಸಿದ್ದಾರಂತೆ. ಪಂದ್ಯಕ್ಕೆ ಹೋಗುವಾಗ ಮನೆಯವರು ಏನೇನು ಸಜ್ಜಾಗಿ ಹೋಗಬೇಕು ಎಂದು ಕೇಳಿದಳು. ನೆರಳಿರುವುದಿಲ್ಲ, ಛತ್ರಿ ಒಯ್ಯಿರಿ ಎಂದೆ. ಮುಂಜಾನೆ ಹೋದರೆ ಮಧ್ಯಾಹ್ನದ ತನಕ ಕಾಯುವುದೇ ಕೆಲಸ, ರೊಟ್ಟಿ ಕಟ್ಟಿಕೊಂಡು ಹೋಗಿರಿ. ಮಗಳ ಪಂದ್ಯ ನೀವು ಚಹಾ ಕುಡಿದು ಕಪ್ಪು ಇಡುವಷ್ಟರಲ್ಲಿ ಮುಗಿಯುತ್ತದೆ, ಅದರಲ್ಲೂ ಬಹಳಷ್ಟು ನಿಮಗೆ ಕಾಣುವುದಿಲ್ಲ. ಕೈ ಬೊಬ್ಬೆ ಒಡೆದು ರಕ್ತ ಬರುತ್ತದೆ, ಹೆದರಬೇಡಿ. ಅವಳು ಎಲ್ಲದಕ್ಕೂ ತಲೆ ಆಡಿಸಿ, ಕೊನೆಗೆ ದನಿ ತಗ್ಗಿಸಿ, ಅಲ್ಲಿ ಬಡಿದಾಟವೂ ಆಗುತ್ತದಂತೆ ಹೌದೇ ಎಂದಳು. ಒಂದು ವರ್ಷ ಆಗಿತ್ತು ಎಂದಷ್ಟೇ ಹೇಳಿ ಅವಳ ಮಗಳ ಭುಜದ ಅಳತೆ ಬರೆದುಕೊಂಡೆ.

ಆ ವರ್ಷ ನನ್ನ ಮಗಳು ಸಹನಾ ಒಂಬತ್ತನೇ ಇಯತ್ತೆಯಲ್ಲಿದ್ದಳು. ನಾನು ಹಾನಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಗಂಡ ಚನ್ನಬಸಪ್ಪ ಟೆಂಪೋ ಓಡಿಸುತ್ತಾರೆ, ಹಳ್ಳಿಗಳಿಂದ ಗೋವಿನಜೋಳ ತುಂಬಿಕೊಂಡು ಶಿಗ್ಗಾಂವದ ಪೇಟೆಗೆ ಹಾಕಿ ಬರುತ್ತಾರೆ. ಸೈನ್ಯದಲ್ಲಿ ದೋಣಿ ಪಂದ್ಯಗಳಿಗೆ ಇಳಿಯುತ್ತಿದ್ದ ಹವಾಲ್ದಾರರೊಬ್ಬರು ನಿವೃತ್ತರಾಗಿ ಊರಿಗೆ ಬಂದವರು, ಎಲ್ಲಿಂದಲೋ ಹಳೆಯ ದೋಣಿಗಳನ್ನು ತರಿಸಿ, ತೂತು ಮುಚ್ಚಿಸಿ, ನಮ್ಮ ಶಾಲೆಯ ಹುಡುಗಿಯರಿಗೆ ಕಲಿಸಲು ಶುರುಮಾಡಿದ್ದರು. ಅವರ ಮಾತು ಕೇಳಿ ಶಿಗ್ಗಾಂವ, ಸವಣೂರು, ಹಿರೇಕೆರೂರಿನ ಒಂದೊಂದು ಶಾಲೆಯವರೂ ತಂಡ ಕಟ್ಟಿದರು. ಮಳೆಗಾಲ ಮುಗಿದು ಕೆರೆಗಳು ತುಂಬಿ ನಿಂತಾಗ ಒಂದೊಂದು ಊರಿನ ಕೆರೆಯಲ್ಲಿ ಒಂದೊಂದು ಪಂದ್ಯ ಎಂದು ಗೊತ್ತಾಯಿತು.

ಸಹನಾಳದು ಇಬ್ಬರ ದೋಣಿ. ಅವಳ ಜೊತೆಗಾರ್ತಿ ಸವಣೂರಿನ ರುಬೀನಾ, ಅದೇ ವಸತಿ ಶಾಲೆಯಲ್ಲಿ ಪಕ್ಕದ ಮಂಚದವಳು. ರುಬೀನಾಳ ತಂದೆ ಅಬ್ದುಲ್ ಖಾದರ್ ಅವರದು ಎಲೆ ವ್ಯಾಪಾರ. ಬಳ್ಳಿಯಿಂದ ಬಂದ ವೀಳ್ಯದೆಲೆಯನ್ನು ಮನೆಮಂದಿಯೆಲ್ಲ ಕುಳಿತು ಆರಿಸಿ, ಜೋಡಿಸಿ, ಬಾಳೆಪಟ್ಟಿಯಿಂದ ಕಟ್ಟುವ ಕೆಲಸ. ತಾಯಿ ಮೆಹರುನ್ನಿಸಾ ನನ್ನನ್ನು ಮೊದಲ ದಿನದಿಂದಲೇ ಶಾರದಕ್ಕಾ ಎಂದು ಕರೆದರು, ನಾನು ಅವರಿಗೆ ಆಪಾ ಎಂದೆ. ಪಂದ್ಯದ ದಿನ ಅವರ ಡಬ್ಬಿ ನಮ್ಮ ಮುಂದೆ, ನಮ್ಮ ಬುತ್ತಿ ಅವರ ಮುಂದೆ.

ಪಾಲಕರ ಮೊದಲ ಸಭೆಯಲ್ಲಿ ಹವಾಲ್ದಾರರು ನಮಗೆಲ್ಲ ಹೇಳಿದ್ದು ಸಣ್ಣ ಮಾತುಗಳು. ಹಗ್ಗದ ಹಿಂದೆ ಕುಳಿತುಕೊಳ್ಳಿ. ನಿರ್ಣಾಯಕರ ಹತ್ತಿರ ಹೋಗಬೇಡಿ. ಹುಟ್ಟುಗಳನ್ನು ಮುಟ್ಟಬೇಡಿ, ಅವು ಮಕ್ಕಳ ಕೈ ಇದ್ದ ಹಾಗೆ. ಇನ್ನೊಂದು ಮಾತು ಹೇಳಿದರು: ದೋಣಿ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾರೆ. ಮುಂದೇನಿದೆ ಎಂದು ಅವರಿಗೆ ಕಾಣುವುದಿಲ್ಲ, ದಂಡೆಯ ಮೇಲಿನ ಸದ್ದು ಮಾತ್ರ ಕೇಳುತ್ತದೆ. ಅದಕ್ಕೇ ನೀವು ಏನು ಕೂಗುತ್ತೀರಿ ಎಂಬುದರ ಮೇಲೆ ಎಚ್ಚರ ಇರಲಿ.

ಮೊದಲ ಪಂದ್ಯ ಹಾನಗಲ್ಲಿನಲ್ಲೇ ಆಯಿತು. ಅಲ್ಲೇ ಈ ಎಲ್ಲ ಮಾತು ಮಣ್ಣಾದವು. ಹಿರೇಕೆರೂರಿನ ಹುಡುಗಿಯರ ದೋಣಿ ಓರೆಯಾಗಿ ಬಂದು ನಮ್ಮ ದೋಣಿಗೆ ಗುದ್ದಿತು. ಹುಟ್ಟಿಗೆ ಹುಟ್ಟು ಸಿಕ್ಕಿಕೊಂಡು, ಸಹನಾಳ ಕೈಯಲ್ಲಿದ್ದ ಹಿಡಿಕೆ ಹಿಂದಕ್ಕೆ ಬಡಿದು ತುಟಿ ಒಡೆಯಿತು. ಅವಳು ರಕ್ತ ಉಗುಳಿ ಮತ್ತೆ ಹುಟ್ಟು ಹಾಕಿದ್ದನ್ನು ನಾನು ನೋಡಿದೆ. ನನ್ನ ಗಂಡನೂ ನೋಡಿದರು. ಅವರು ಚಪ್ಪಲಿ ಸಮೇತ ಮೊಳಕಾಲುಮಟ್ಟ ನೀರಿಗಿಳಿದು ನಿರ್ಣಾಯಕನಿಗೆ ಬಾಯಿಗೆ ಬಂದದ್ದು ಬೈದರು. ಎದುರಿನ ಹುಡುಗಿಯ ಕಾಕಾ, ಶಿವಾನಂದ ಎಂಬುವರು, ಅವರೂ ನೀರಿಗಿಳಿದರು. ಹವಾಲ್ದಾರರು ಇಬ್ಬರ ನಡುವೆ ನಿಂತು ಎದೆಗೆ ಕೈ ಕೊಟ್ಟು ದಬ್ಬಿದರು.

ಶಿಗ್ಗಾಂವದಲ್ಲಿ ಅದು ಇನ್ನೂ ಏರಿತು. ಹೆದ್ದಾರಿ ಹತ್ತಿರವಿದ್ದುದರಿಂದ ಜನ ಬಹಳ ಸೇರಿದ್ದರು, ಅದರಲ್ಲಿ ಅರ್ಧ ಮಂದಿಗೆ ಯಾವ ಮಗುವೂ ದೋಣಿಯಲ್ಲಿರಲಿಲ್ಲ. ನಮ್ಮ ಹುಡುಗಿಯರು ಗೆದ್ದರು. ಗೆದ್ದು ದಂಡೆಗೆ ಬರುವಾಗ ಒಂದು ಕಲ್ಲು ನೀರಿಗೆ ಬಿತ್ತು, ರುಬೀನಾಳ ಪಕ್ಕದಲ್ಲೇ. ಯಾರು ಒಗೆದರು ಎಂದು ಗೊತ್ತಾಗಲಿಲ್ಲ. ನನ್ನ ಗಂಡ ಶಿವಾನಂದರ ಕೊರಳಪಟ್ಟಿ ಹಿಡಿದರು, ಅಂಗಿಯ ಗುಂಡಿಗಳು ಕಿತ್ತು ಹುಲ್ಲಿಗೆ ಬಿದ್ದವು. ಬಿಡಿಸಿದವರು ಖಾದರಸಾಹೇಬರು. ಸಣ್ಣ ಆಳು, ನನ್ನ ಗಂಡನ ಭುಜದಷ್ಟು ಎತ್ತರ, ಆದರೆ ಹಿಂದಿನಿಂದ ಅವರ ಸೊಂಟ ತಬ್ಬಿ ಎಳೆದುಕೊಂಡು ಬಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಗಂಡನಿಗೆ ನಾನು ಎಲ್ಲರೆದುರೇ ಹೇಳಿದೆ, ಮುಂದಿನ ಪಂದ್ಯಕ್ಕೆ ನೀವು ಬರಬೇಡಿರಿ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಹಿಂದಿನ ಸೀಟಿನಲ್ಲಿ ಸಹನಾ ರುಬೀನಾಳ ಅಂಗೈಯ ಒಡೆದ ಬೊಬ್ಬೆಗೆ ಅರಿವೆ ಸುತ್ತುತ್ತಿದ್ದಳು.

ನನ್ನ ಗಂಡ ಕೆಟ್ಟ ಮನುಷ್ಯ ಅಲ್ಲ. ಆ ಇಬ್ಬರೂ ಹುಡುಗಿಯರನ್ನು ಅವರು ಬೇರೆ ಬೇರೆ ಎಂದು ನೋಡುತ್ತಿರಲಿಲ್ಲ. ಭಾನುವಾರ ಶಾಲೆಗೆ ಹೋದರೆ ಸಹನಾಳಿಗೆ ಒಯ್ದ ಬಾಳೆಹಣ್ಣು, ಶೇಂಗಾ ಉಂಡಿ ರುಬೀನಾಳಿಗೂ ಅಷ್ಟೇ ಇರುತ್ತಿದ್ದವು. ಆದರೆ ಸಿಟ್ಟು ಬಂದರೆ ಅವರ ಕೈಗೆ ಕಣ್ಣಿರುತ್ತಿರಲಿಲ್ಲ. ಮನೆಯಲ್ಲಿ ನಾನೂ ಅದನ್ನು ಕಂಡವಳೇ.

ಹಿರೇಕೆರೂರಿನ ಪಂದ್ಯದ ದಿನ ಬಿಸಿಲು ಸುಡುತ್ತಿತ್ತು. ಹಿಂಗಾರಿ ಬಿತ್ತನೆ ಮುಗಿಸಿದ್ದ ಸುತ್ತಲಿನ ಹಳ್ಳಿಯವರು, ಅಬಲೂರು, ಹಂಸಭಾವಿ ಕಡೆಯವರು, ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಕೆರೆ ಏರಿ ತುಂಬ ಜನ. ಬ್ಯಾಡ ಎಂದರೂ ನನ್ನ ಗಂಡ ಟೆಂಪೋ ತೆಗೆದುಕೊಂಡು ಹಿಂದಿನಿಂದ ಬಂದೇಬಂದರು.

ರುಬೀನಾ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿ, ತಲೆಗೆ ಬಿಗಿಯಾಗಿ ಸ್ಕಾರ್ಫು ಕಟ್ಟಿ ದೋಣಿಗಿಳಿಯುತ್ತಿದ್ದಳು. ಆ ಅಂಗಿ ನಾನೇ ಹೊಲಿದದ್ದು, ತೋಳು ಎಳೆಯದ ಹಾಗೆ ಕಂಕುಳಲ್ಲಿ ತುಂಡು ಬಟ್ಟೆ ಕೊಟ್ಟು. ಹುಡುಗಿಯರು ದೋಣಿ ಹೊತ್ತುಕೊಂಡು ನೀರಿಗೆ ಹೋಗುವಾಗ ಶಿವಾನಂದರ ಗುಂಪಿನಿಂದ ಯಾರೋ ಅವಳ ಸ್ಕಾರ್ಫಿನ ಬಗ್ಗೆ ಒಂದು ಮಾತು ಒಗೆದರು. ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಗುಂಪು ನಕ್ಕಿತು. ರುಬೀನಾ ಕೇಳಿಸದವಳಂತೆ ನಡೆದಳು. ಖಾದರಸಾಹೇಬರು ನೆಲ ನೋಡಿದರು. ನನ್ನ ಗಂಡನ ಮುಖ ಕಪ್ಪಿಟ್ಟಿತು, ಆದರೆ ಆಗ ಸುಮ್ಮನಿದ್ದರು.

ಪಂದ್ಯ ಶುರುವಾಯಿತು. ಆಚೆ ದಂಡೆಯಿಂದ ಈಚೆಗೆ ಬರಬೇಕು. ನಮ್ಮ ದೋಣಿ ಮುಂದಿತ್ತು, ಹಿರೇಕೆರೂರಿನವರದು ಬೆನ್ನಿಗೇ. ಎರಡು ಬೆನ್ನು ಒಟ್ಟಿಗೆ ಬಾಗುತ್ತ, ಒಟ್ಟಿಗೆ ಏಳುತ್ತ ನಮ್ಮ ಕಡೆ ಬರುತ್ತಿದ್ದವು. ಮೆಹರುನ್ನಿಸಾ ನನ್ನ ಕೈ ಹಿಡಿದುಕೊಂಡಿದ್ದರು. ಆಗ ಮತ್ತೆ ಅದೇ ಮಾತು ಬಂತು, ಈ ಸಲ ಜೋರಾಗಿ, ನೀರಿನ ಮೇಲಿದ್ದವರಿಗೂ ಕೇಳುವ ಹಾಗೆ.

ದಂಡೆಯಲ್ಲಿ ಮುಂದಿನ ಪಂದ್ಯಕ್ಕೆ ಇಟ್ಟಿದ್ದ ಹುಟ್ಟುಗಳು ಬಿದ್ದಿದ್ದವು. ನನ್ನ ಗಂಡ ಒಂದನ್ನು ಎತ್ತಿಕೊಂಡರು. "ಆಕಿ ನನ್ನ ಮಗಳಲೇ" ಎಂದರು. ಕೂಗಲಿಲ್ಲ, ಹಲ್ಲು ಕಚ್ಚಿ ಅಂದರು. ಎಂದವರೇ ಶಿವಾನಂದರ ತಲೆಗೆ ಗುರಿಯಿಟ್ಟು ಬೀಸಿದರು. ಖಾದರಸಾಹೇಬರು ಅಷ್ಟರಲ್ಲಿ ನಡುವೆ ಓಡಿಹೋಗಿ, ತಡೆಯಲು ಬಲಗೈ ಎತ್ತಿದ್ದರು. ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಮುರಿದದ್ದು ಹುಟ್ಟಲ್ಲ.

ಮೆಹರುನ್ನಿಸಾ ಚೀರಿದರು.

ನೀರಿನ ಮೇಲೆ ರುಬೀನಾ ಆ ದನಿಯನ್ನು ಗುರುತಿಸಿದಳು. ಅವಳ ಕೈ ನಿಂತವು. ಸಹನಾ ಒಬ್ಬಳೇ ಎಳೆದದ್ದಕ್ಕೆ ದೋಣಿ ಗರಕ್ಕನೆ ತಿರುಗಿ ಅಡ್ಡ ನಿಂತಿತು. ಆಗ ಇಬ್ಬರಿಗೂ ದಂಡೆ ಕಂಡಿತು. ಅವರು ನೋಡಿದ್ದು ಇದು: ಒಬ್ಬಳ ಅಪ್ಪ ನೆಲಕ್ಕೆ ಬಿದ್ದಿದ್ದಾನೆ, ಇನ್ನೊಬ್ಬಳ ಅಪ್ಪ ಹುಟ್ಟು ಹಿಡಿದು ಮೇಲೆ ನಿಂತಿದ್ದಾನೆ.

ಏರಿಯ ಮೇಲಿದ್ದ ಜನಕ್ಕೆ ಕಾರಣ ಗೊತ್ತಿರಲಿಲ್ಲ. ಯಾರಿಗೆ ಯಾರು ಹೊಡೆದರು ಎನ್ನುವುದು ಹಿಂದೂ ಮುಸ್ಲಿಂ ಹೆಸರಿನ ಲೆಕ್ಕದಲ್ಲಿ ಹಬ್ಬಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಲ್ಲುಗಳು ಬಂದವು. ನಮ್ಮ ಶಾಲೆಯ ಬಸ್ಸಿನ ಗಾಜು ಪುಡಿಯಾಯಿತು. ಕಬ್ಬಿನ ಹಾಲಿನ ಗಾಡಿಯನ್ನು ಉರುಳಿಸಿದರು. ಗುರುತಿಲ್ಲದ ಹುಡುಗರು ಗುರುತಿಲ್ಲದ ಹುಡುಗರನ್ನು ಒದೆಯುತ್ತಿದ್ದರು. ಹವಾಲ್ದಾರರ ಹಣೆ ಒಡೆದು ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಆದರೂ ಅವರು ಸೀಟಿ ಊದುತ್ತ ಹುಡುಗಿಯರನ್ನು ಕರೆಯುತ್ತಿದ್ದರು. ನನ್ನ ಗಂಡ ಹುಟ್ಟನ್ನು ಕೆಳಗೆ ಬಿಟ್ಟು ಖಾದರಸಾಹೇಬರ ಪಕ್ಕದಲ್ಲಿ ಕೂತುಬಿಟ್ಟಿದ್ದರು. ಶಿವಾನಂದರ ಕಡೆಯವರು ಅವರ ಬೆನ್ನಿಗೆ ಒದ್ದರು, ತಲೆಗೆ ಒದ್ದರು. ಅವರು ಕೈ ಎತ್ತಲಿಲ್ಲ.

ಹುಡುಗಿಯರು ದಂಡೆಗೆ ಬರಲಿಲ್ಲ. ಸೀಟಿ ಕೇಳಿದರೂ ಬರಲಿಲ್ಲ. ಹಿರೇಕೆರೂರಿನ ದೋಣಿಯೂ ನಮ್ಮ ದೋಣಿಯ ಹತ್ತಿರ ಬಂದು ನಿಂತಿತು. ಅದರಲ್ಲಿ ಶಿವಾನಂದರ ಅಣ್ಣನ ಮಗಳಿದ್ದಳು. ಅವಳು ಕೈ ಚಾಚಿ ರುಬೀನಾಳ ಹುಟ್ಟನ್ನು ಹಿಡಿದುಕೊಂಡಳು, ದೋಣಿಗಳು ಸರಿದುಹೋಗದ ಹಾಗೆ. ನಾಲ್ಕು ಹುಡುಗಿಯರು ಕೆರೆಯ ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು, ದಂಡೆಯಲ್ಲಿ ತಮ್ಮವರು ಹೊಡೆದಾಡುವುದನ್ನು ನೋಡುತ್ತ ಕುಳಿತರು. ನಾನು ಈವತ್ತಿಗೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಅದು, ರಕ್ತವಲ್ಲ.

ಪೊಲೀಸರು ಬಂದು ಲಾಠಿ ಬೀಸಿ ಜನರನ್ನು ಚದುರಿಸಿದರು. ಖಾದರಸಾಹೇಬರನ್ನು ಆಸ್ಪತ್ರೆಗೆ ಒಯ್ದರು. ಮೆಹರುನ್ನಿಸಾ ಅವರ ಜೊತೆ ಜೀಪು ಹತ್ತಲಿಲ್ಲ. ಬುರ್ಖಾ ತೊಟ್ಟಂತೆಯೇ ನೀರಿಗೆ ಇಳಿದರು, ಸೊಂಟದ ತನಕ. ನಾನು ಅವರ ಹಿಂದೆ ಇಳಿದೆ. ಕಾಲ ಕೆಳಗೆ ಒಡೆದ ಗಾಜಿತ್ತೋ ಕಲ್ಲಿತ್ತೋ, ನನ್ನ ಹಿಮ್ಮಡಿ ಸೀಳಿತು. ಮೆಹರುನ್ನಿಸಾ ಮಗಳ ಹೆಸರು ಹಿಡಿದು ಒಂದೇ ಸಲ ಕರೆದರು. ದೋಣಿಗಳು ನಿಧಾನಕ್ಕೆ ನಮ್ಮ ಕಡೆ ತಿರುಗಿದವು. ಹತ್ತಿರ ಬಂದಾಗ ರುಬೀನಾ ಕೇಳಿದ್ದು, "ಅಬ್ಬಾ ಅದಾರೇನ ಅಮ್ಮಿ?" ಸಹನಾ ದೋಣಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

ಸಂಜೆ ಠಾಣೆಯಲ್ಲಿ ಎರಡು ಗುಂಪು ಸೇರಿದ್ದವು. ಬಿಳಿ ಅಂಗಿಯ ಹಿರಿಯರು, ನಾವು ಎಂದೂ ನೋಡದವರು. ಒಂದು ಗುಂಪಿನವರು ಮೆಹರುನ್ನಿಸಾ ಅವರ ತಮ್ಮನನ್ನು ಮೂಲೆಗೆ ಕರೆದೊಯ್ದು, ಧರ್ಮ ನೋಡಿ ಹೊಡೆದರು ಎಂದು ಬರೆಸಬೇಕು ಎಂದು ಹೇಳಿಕೊಡುತ್ತಿದ್ದರು. ಇನ್ನೊಂದು ಗುಂಪಿನವರು ನನ್ನ ಮೈದುನ ಈರಣ್ಣನ ಮೂಲಕ ನನಗೆ ಹೇಳಿ ಕಳಿಸಿದರು: ಗದ್ದಲದಲ್ಲಿ ಯಾರೋ ಹೊಡೆದರು, ನಿನಗೆ ಕಾಣಲಿಲ್ಲ ಅನ್ನು. ನನ್ನ ಗಂಡ ಬೆಂಚಿನ ಮೇಲೆ ಕುಳಿತಿದ್ದರು. ಒಂದು ಕಣ್ಣು ಬಾತು ಮುಚ್ಚಿತ್ತು. ನನ್ನ ಕಡೆ ನೋಡಲಿಲ್ಲ.

ಮೊದಲು ಮೆಹರುನ್ನಿಸಾ ಮಾತಾಡಿದರು. ನೀರಿಗಿಳಿದ ಬಟ್ಟೆಯಲ್ಲೇ ಬಂದಿದ್ದರು, ಬುರ್ಖಾದ ಅಂಚಿಗೆ ಕೆರೆಯ ರಾಡಿ ಒಣಗಿ ಅಂಟಿತ್ತು. "ಸಾಹೇಬ್ರ, ನಮ್ಮನಿಯವ್ರ ಕೈ ಮುರದೈತಿ. ಅದನ್ನ ಬರಕೋರಿ. ಯಾರು ಮುರದ್ರು ಅಂತನೂ ಬರಕೋರಿ. ಆದ್ರ ಹಿಂದೂ ಮುಸ್ಲಿಂ ಅಂತ ಒಂದಕ್ಷರ ಬರದ್ರೂ ನಾ ಸಹಿ ಮಾಡಂಗಿಲ್ರಿ." ಅವರ ತಮ್ಮ ಏನೋ ಹೇಳಲು ಹೋದ. ಅವರು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಅಧಿಕಾರಿ ನನ್ನನ್ನು ಕೇಳಿದರು. ಈರಣ್ಣ ನನ್ನ ಬೆನ್ನ ಹಿಂದೆಯೇ ನಿಂತಿದ್ದ, ಅವನ ಉಸಿರು ಕೇಳಿಸುತ್ತಿತ್ತು. ಹೊರಗೆ ಜಗಲಿಯ ಮೇಲೆ ಇಬ್ಬರು ಹುಡುಗಿಯರು ಒಂದೇ ಚಾದರ ಹೊದ್ದು ಕುಳಿತಿದ್ದು ಬಾಗಿಲಿನಿಂದ ಕಾಣುತ್ತಿತ್ತು. ನಾನು ಸುಳ್ಳು ಹೇಳಿದರೆ ಅದು ಮೊದಲು ಬೀಳುವುದು ಆ ಚಾದರದ ಮೇಲೆ ಎಂದು ನನಗೆ ಅನ್ನಿಸಿತು.

"ನಮ್ಮನಿಯವ್ರ ಹೊಡದಾರ್ರಿ. ನಾ ಕಣ್ಣಾರೆ ನೋಡೇನಿ" ಎಂದೆ. ಗುರಿ ಬೇರೆಯವರ ಮೇಲಿತ್ತು, ಬಿದ್ದದ್ದು ಇವರಿಗೆ, ರುಬೀನಾಳಿಗೆ ಅಂದ ಮಾತಿಗೆ ಸಿಟ್ಟಾಗಿ ಬೀಸಿದರು, ಎಲ್ಲವನ್ನೂ ನಡೆದ ಹಾಗೆಯೇ ಹೇಳಿದೆ. ನನ್ನ ಗಂಡ ಆಗ ತಲೆ ಎತ್ತಿ ನನ್ನನ್ನು ನೋಡಿದರು. ಅಧಿಕಾರಿ ಹೌದೇ ಎಂದು ಕೇಳಿದಾಗ, ಹೌದು ಎಂದರು. ಹೊರಗಿದ್ದ ಬಿಳಿ ಅಂಗಿಯವರಿಗೆ ಅಲ್ಲಿ ಕೆಲಸ ಉಳಿಯಲಿಲ್ಲ, ಒಬ್ಬೊಬ್ಬರಾಗಿ ಕಾರು ಹತ್ತಿದರು.

ಗಂಡನನ್ನು ಜೈಲಿಗೆ ಕಳಿಸಿದರು. ಮರುದಿನ ಈರಣ್ಣ ನನ್ನ ಅಂಗಡಿಗೆ ಬಂದ. ಗಂಡನನ್ನು ಒಳಗೆ ಹಾಕಿಸಿದ ಹೆಂಗಸು ಎಂದು ಬೀದಿಗೆ ಕೇಳುವ ಹಾಗೆ ಬೈದು, ನನ್ನ ಹೊಲಿಗೆ ಯಂತ್ರವನ್ನು ಎತ್ತಿ ಮೆಟ್ಟಿಲ ಕೆಳಗೆ ಒಗೆದ. ಅಡ್ಡ ಹೋದಾಗ ನನ್ನ ಕೆನ್ನೆಗೆ ಬಾರಿಸಿದ. ಎದುರಿನ ಕಿರಾಣಿ ಅಂಗಡಿಯವರು ಹೊರಬಂದು ನಿಂತರು, ಯಾರೂ ಇಳಿದು ಬರಲಿಲ್ಲ. ಯಂತ್ರದ ಚಕ್ರ ಸೀಳಿತ್ತು. ಅದನ್ನು ನಾನೇ ಎತ್ತಿ ಒಳಗಿಟ್ಟು, ಬಾಗಿಲು ಹಾಕಿ ಸವಣೂರಿನ ಬಸ್ಸು ಹತ್ತಿದೆ.

ಮೆಹರುನ್ನಿಸಾ ಅವರ ಮನೆಯಲ್ಲಿ ಎಲೆ ಬಂದು ಬಿದ್ದಿತ್ತು. ಖಾದರಸಾಹೇಬರ ಕೈಗೆ ಪ್ಲಾಸ್ಟರ್ ಹಾಕಿ ಬಿಗಿದಿದ್ದರು, ಬೆರಳುಗಳು ಊದಿಕೊಂಡಿದ್ದವು. ಎಲೆ ಕಟ್ಟುವುದಕ್ಕೆ ಎರಡೂ ಕೈ ಬೇಕು. ನನ್ನ ಬಾತ ಕೆನ್ನೆಯನ್ನು ಮೆಹರುನ್ನಿಸಾ ನೋಡಿ, ಸರಿದು ಜಾಗ ಕೊಟ್ಟರು. ಎಲೆಯ ತೊಟ್ಟು ಒಂದೇ ಕಡೆ ಬರುವ ಹಾಗೆ ಹೇಗೆ ಜೋಡಿಸುವುದು ಎಂದು ತೋರಿಸಿಕೊಟ್ಟರು. ಆ ವಾರವೆಲ್ಲ ನಾನು ಮುಂಜಾನೆ ಹೋಗಿ ಸಂಜೆ ಬಂದೆ. ಅವರ ತಮ್ಮ ಬಂದು ರುಬೀನಾಳನ್ನು ಶಾಲೆಯಿಂದ ಬಿಡಿಸಬೇಕು, ದೋಣಿಯಂತೂ ಸಾಕು ಎಂದು ಜಗಳ ತೆಗೆದಾಗಲೂ ನಾನು ಅಲ್ಲೇ ಕುಳಿತಿದ್ದೆ. ಮೆಹರುನ್ನಿಸಾ ಉರ್ದುವಿನಲ್ಲಿ ಅವನಿಗೇನೋ ಹೇಳಿದರು. ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: ಮಗಳು ಏನೂ ತಪ್ಪು ಮಾಡಿಲ್ಲ, ಶಿಕ್ಷೆ ಅವಳಿಗೆ ಯಾಕೆ ಎಂದೆ ಅಂತ.

ಜಾಮೀನಿನ ಮೇಲೆ ಬಿಟ್ಟ ದಿನ ನನ್ನ ಗಂಡ ಮಧ್ಯಾಹ್ನ ಮನೆಗೆ ಬಂದರು. ಒಲೆಯ ಪಕ್ಕದಲ್ಲಿದ್ದ ನಾನು ಹಿತ್ತಲ ಬಾಗಿಲ ಕಡೆ ಸರಿದು ನಿಂತೆ. ಅವರು ನೀರು ಕೇಳಿ ಕುಡಿದರು. ಕೆನ್ನೆಗೆ ಏನಾಯಿತು ಎಂದು ಕೇಳಿದರು, ಹೇಳಿದೆ. ಎದ್ದು ಈರಣ್ಣನ ಮನೆಗೆ ಹೋದರು. ಮತ್ತೆ ಹೊಡೆದಾಟವಾಗುತ್ತದೆ ಎಂದು ನಾನು ಹಿಂದೆಯೇ ಓಡಿದೆ. ಅವರು ಹೊಡೆಯಲಿಲ್ಲ. ಬಾಗಿಲಲ್ಲಿ ನಿಂತು, ಅವಳು ಖರೇ ಹೇಳಿದಳು, ನೀನು ಇನ್ನೊಮ್ಮೆ ನನ್ನ ಹೊಸ್ತಿಲು ತುಳಿಯಬೇಡ ಎಂದು ಹೇಳಿ ಬಂದರು. ಹೇಳುವಾಗ ಎರಡೂ ಕೈಯನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡಿದ್ದರು.

ರಜೆಗೆ ಬಂದ ಸಹನಾ ಅಪ್ಪನ ಜೊತೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ತಟ್ಟೆ ತೊಳೆಯುತ್ತಿದ್ದಳು, ಮಾತಿಲ್ಲ. ಶಾಲೆಗೆ ಮರಳುವ ದಿನ ಚೀಲ ಹೆಗಲಿಗೇರಿಸಿ ಹೇಳಿದಳು: "ರುಬೀನಾನ ಅಬ್ಬಾ ಕರದ್ರ ಮಾತ್ರ ನೀ ಪಂದ್ಯಕ್ಕ ಬಾ. ಇಲ್ಲಂದ್ರ ಬರಬ್ಯಾಡ." ಅವರು ತಲೆ ಆಡಿಸಿದರು.

ಕೊನೆಯ ಪಂದ್ಯ ಸವಣೂರಿನಲ್ಲಿ, ಬೇಸಿಗೆ ಹತ್ತಿರ ಬಂದಾಗ. ನೀರು ತಗ್ಗಿತ್ತು. ಈ ಸಲ ಹಗ್ಗದ ಈಚೆ ಪೊಲೀಸರಿದ್ದರು, ಜನ ಕಡಿಮೆ. ಶಿವಾನಂದರು ಬಂದಿರಲಿಲ್ಲ, ಅವರ ಅಣ್ಣನ ಮಗಳು ಬಂದಿದ್ದಳು. ಅವಳು ದೋಣಿಗಿಳಿಯುವ ಮುಂಚೆ ರುಬೀನಾಳ ಹತ್ತಿರ ಬಂದು ಬಹಳ ಹೊತ್ತು ಏನೋ ಮಾತಾಡಿದಳು. ನಮ್ಮ ಹುಡುಗಿಯರು ಎರಡನೆಯವರಾಗಿ ಬಂದರು. ಇಳಿದವರೇ ದೋಣಿಯ ಪಕ್ಕದಲ್ಲಿ ಕುಳಿತು ವಾಂತಿ ಮಾಡಿಕೊಂಡರು, ಅಷ್ಟು ಜೋರು ಹಾಕಿದ್ದರು.

ಖಾದರಸಾಹೇಬರು ಏರಿಯ ಮೇಲಿನಿಂದ ಇಳಿದು ನನ್ನ ಹತ್ತಿರ ಬಂದರು. ಬಲಗೈಯ ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಈಗಲೂ ಮಡಚುವುದಿಲ್ಲ. ಚನ್ನಬಸಪ್ಪ ಎಲ್ಲಿ ಎಂದು ಕೇಳಿದರು. ಮನೆಯಲ್ಲಿದ್ದಾರೆ ಎಂದೆ. ಫೋನು ಹಚ್ಚಿಕೊಡಿ ಎಂದರು. ಎಡಗೈಯಲ್ಲಿ ಹಿಡಿದು ಮಾತಾಡಿದರು.

"ನಾ ಖಾದರ್ ರೀ. ಹುಡುಗ್ಯಾರು ಎರಡನೇ ನಂಬರ ಬಂದ್ರು. ನನ್ನ ಕೈ ಇನ್ನೂ ನೋಯ್ತೈತಿ, ಮಾಫ್ ಮಾಡೇನಂತ ತಿಳಕೋಬ್ಯಾಡ್ರಿ. ಕೋರ್ಟಿನ್ಯಾಗ ನಡದದ್ದ ಹೇಳ್ತೇನಿ. ಆದ್ರ ಮುಂದಿನ ವರ್ಷದ ಪಂದ್ಯಕ್ಕ ಬರ್ರಿ. ನನ್ನ ಬಾಜೂಕ ಕುಂದರಬೇಕು, ನನ್ನ ಕಣ್ಣಮುಂದ."

ಮಾತು ಮುಗಿಸಿ ಅವರು ಫೋನನ್ನು ನನ್ನ ಕೈಗೆ ಕೊಟ್ಟು ಹುಡುಗಿಯರ ಕಡೆ ನಡೆದರು.

ಮರುವರ್ಷ ಶಿಗ್ಗಾಂವದ ಕೆರೆಗೆ ನನ್ನ ಗಂಡ ಬಂದರು. ಖಾದರಸಾಹೇಬರ ಪಕ್ಕದಲ್ಲಿ, ಮೊಳಕಾಲ ನಡುವೆ ಕೈ ಸಿಕ್ಕಿಸಿಕೊಂಡು ಕುಳಿತರು. ಹುಡುಗಿಯರ ದೋಣಿ ಹತ್ತಿರ ಬಂದಾಗ ಅವರು ಕೈ ಬಿಡಿಸದೆ ಮುಂದಕ್ಕೆ ಬಾಗಿದರು. ಕೂಗಿದವರು ಖಾದರಸಾಹೇಬರು. ಎದ್ದು ನಿಂತು, ಮಡಚದ ಬೆರಳಿನ ಕೈ ಮೇಲೆತ್ತಿ, ಮೊದಲು ಸಹನಾಳ ಹೆಸರು, ಆಮೇಲೆ ರುಬೀನಾಳ ಹೆಸರು ಹಿಡಿದು ಕೂಗಿದರು.